ಜಿನ್ನು, ಜೀನು, ಜೀನ್ಸು: ರಾಯಚೂರಿನ ಹತ್ತಿ ಜಿನ್ನಿಗೂ ಬಳ್ಳಾರಿಯ ಜೀನ್ಸ್ ಪ್ಯಾಂಟಿಗೂ ಪದದ ಸಂಬಂಧ ಅದ ಏನು?

ಗಂಜ್ ಹುಡುಗ, ರಾಯಚೂರು

ಎಲ್ಲರಿಗೂ ಶರಣು. ಒಂದು ಪದದ ಬಗ್ಗೆ ತಿಳ್ಕೊಬೇಕಾಗ್ಯದ. ನಮ್ಮ ರಾಜೇಂದ್ರ ಗಂಜಿನ್ಯಾಗ ಸೀಜನ್ ಬಂತಂದ್ರ ಹತ್ತಿ ಗಾಡಿ ಸಾಲುಗಟ್ಟಿ ನಿಂತಿರ್ತಾವ. ತೂಕ ಆತು ಅಂದ್ರ ಹತ್ತಿ ಹೋಗೋದು ಜಿನ್ನಿಗೆ, ಅಂದ್ರ ಹತ್ತಿಯಿಂದ ಕಾಳು ಬಿಡಿಸೋ ಗಿರಣಿಗೆ. "ಅವರ ಮಗ ಜಿನ್ನಿನ್ಯಾಗ ಕೆಲಸಕ್ಕದಾನ", "ಜಿನ್ನಿಂದ ಲೋಡ್ ಹೊಂಟದ" ಅನ್ನೋದು ಇಲ್ಲಿ ದಿನಾ ಕೇಳೋ ಮಾತು. ಆ ಕಡೆ ಬಳ್ಳಾರಿ ಅಂದ್ರ ಜೀನ್ಸ್. ಹತ್ತಿ ಇಲ್ಲದ ಜೀನ್ಸ್ ಇಲ್ಲ, ಜಿನ್ನಿಗೆ ಹೋಗದ ಹತ್ತಿ ನೂಲಾಗೂದಿಲ್ಲ. ಹಂಗಾದ್ರ ಜಿನ್ನು, ಜೀನ್ಸು ಒಂದೇ ಪದದ ಎರಡು ರೂಪ ಏನ್ರಿ? ಗಂಜಿನ್ಯಾಗ ಹಿರಿಯರು ಹೌದಂತಾರ. ನನಗ ಸಮಾಧಾನ ಆಗಿಲ್ಲ. ಗೊತ್ತಿದ್ದೋರು ಬಿಡಿಸಿ ಹೇಳ್ರಿ.

ಕೌಲ್ ಬಜಾರ್ ಹೊಲಿಗೆ, ಬಳ್ಳಾರಿ

ನಾವು ಹೊಲಿಯೋರು ಕೇಳ್ಕೊಂಡು ಬಂದಿರೋದೂ ಅದೇ ಅಣ್ಣ. ಜಿನ್ನಲ್ಲಿ ಬಿಡಿಸಿದ ಹತ್ತಿಯ ಬಟ್ಟೆ ಅಂತ ಜೀನ್ಸ್ ಅಂತಾರೆ ಅಂತ. ಇನ್ನೊಂದು ವಿಷ್ಯ ಐತೆ. ಹಳೇ ಮಾಸ್ಟರ್‌ಗಳು ಜೀನ್ಸ್ ಪ್ಯಾಂಟ್ ಬರೋಕ್ಕಿಂತ ಮುಂಚೆನೇ "ಜೀನ್ ಬಟ್ಟೆ" ಅನ್ನೋರು. ದಪ್ಪ ಬಟ್ಟೆ, ಚಡ್ಡಿಗೂ ಪ್ಯಾಂಟಿಗೂ ಗಟ್ಟಿ. ಅದಕ್ಕೂ ಇದಕ್ಕೂ ಏನು ನಂಟು ಅನ್ನೋದನ್ನೂ ಯಾರಾದ್ರೂ ಹೇಳಿ.

ಹತ್ತಿ ಹೊಲ, ಮಾನ್ವಿ

ಇನ್ನೊಂದು ಜೀನು ಬಿಟ್ರಲ್ಲ. ಬಿಟಿ ಬೀಜದಾಗ ಒಂದು ಜೀನ್, ಅಂದ್ರ ವಂಶವಾಹಿ, ಸೇರಿಸ್ಯಾರ, ಅದಕ್ಕ ಕಾಯಿಕೊರಕ ಹುಳ ಸಾಯ್ತದ ಅಂತ ಕೃಷಿ ವಿಶ್ವವಿದ್ಯಾಲಯದೋರು ಹೇಳ್ತಾರ. ಹೊಲದಾಗ ಜೀನು, ಗಂಜಿನ್ಯಾಗ ಜಿನ್ನು, ಅಂಗಡ್ಯಾಗ ಜೀನ್ಸು. ಮೂರೂ ನಮ್ಮ ಒಂದೇ ಹತ್ತಿಗೆ ಅಂಟಿಕೊಂಡಾವ. ಹೇಳೋದಾದ್ರ ಮೂರನ್ನೂ ಹೇಳ್ರಿ.

ಹಳೇ ನಿಘಂಟು, ಕೊಪ್ಪಳ

ಬಹಳ ಒಳ್ಳೆಯ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ: ಜಿನ್ನಿಗೂ ಜೀನ್ಸಿಗೂ ರಕ್ತಸಂಬಂಧ ಇಲ್ಲ. ಆದರೆ ಮಾನ್ವಿಯವರು ಹೇಳಿದ ಬೀಜದೊಳಗಿನ ಜೀನಿಗೂ ರಾಯಚೂರಿನ ಜಿನ್ನಿಗೂ ಇದೆ! ಕಿವಿಗೆ ಕೇಳುವುದೇ ಒಂದು, ಹುಟ್ಟು ಇನ್ನೊಂದು.

ಮೊದಲು ಜಿನ್ನು. ಇದು "ಇಂಜಿನ್" ಎಂಬ ಪದದ ತುಂಡು. ನಾವು ಸ್ಟೇಷನ್ನಿಗೆ "ಟೇಸನ್" ಅಂತೀವಲ್ಲ, ಮೊದಲ ಸದ್ದು ಬಿದ್ದುಹೋಗಿದೆಯಲ್ಲ, ಇಂಗ್ಲಿಷಿನವರೂ ಹಾಗೇ ಮಾಡಿದ್ದಾರೆ. ಹಿಸ್ಟರಿಯಿಂದ ಸ್ಟೋರಿ, ಡಿಫೆನ್ಸಿನಿಂದ ಫೆನ್ಸ್, ಹಾಗೆಯೇ ಹಳೆಯ ಫ್ರೆಂಚಿನ "ಎಂಜಿನ್" ಪದದಿಂದ ಜಿನ್. ಫ್ರೆಂಚಿಗೆ ಅದು ಬಂದದ್ದು ಲ್ಯಾಟಿನ್ನಿನ "ಇಂಗೇನಿಯುಮ್" ಪದದಿಂದ. ಹುಟ್ಟಿನಿಂದಲೇ ಬಂದ ಜಾಣತನ ಅಂತ ಅದರ ಅರ್ಥ. ಜಾಣತನದಿಂದ ಮಾಡಿದ ಸಾಧನಕ್ಕೂ ಅದೇ ಹೆಸರು ಅಂಟಿತು. ಆದ್ದರಿಂದ ಹಳೆಯ ಇಂಗ್ಲಿಷಿನಲ್ಲಿ ಜಿನ್ ಅಂದರೆ ಉಪಾಯ, ಯುಕ್ತಿ, ಪ್ರಾಣಿ ಹಿಡಿಯುವ ಬೋನು, ಭಾರ ಎತ್ತುವ ಯಂತ್ರ, ಎಲ್ಲವೂ. ಇಂಜಿನಿಯರ್ ಎಂಬುದೂ ಇದೇ ಬಳ್ಳಿಯ ಕಾಯಿ.

ಆ ಸಾಮಾನ್ಯ ಪದ ಹತ್ತಿಯ ಯಂತ್ರಕ್ಕೆ ಗಟ್ಟಿಯಾಗಿ ಕೂತದ್ದು ಅಮೆರಿಕದಲ್ಲಿ. ಎಲಿ ವಿಟ್ನಿ ಎಂಬಾತ 1793ರಲ್ಲಿ ಹತ್ತಿಯಿಂದ ಕಾಳು ಬೇರ್ಪಡಿಸುವ ಯಂತ್ರ ಕಟ್ಟಿದ, 1794ರ ಮಾರ್ಚ್ 14ಕ್ಕೆ ಅದಕ್ಕೆ ಪೇಟೆಂಟ್ ಬಂತು. ಹೆಸರು "ಕಾಟನ್ ಜಿನ್". ಅದರಿಂದ ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಬೆಳೆಯುವುದು ಭಾರಿ ಲಾಭದ ವ್ಯವಹಾರವಾಗಿ, ಹೊಲಕ್ಕೆ ದೂಡಿದ ಗುಲಾಮರ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚಿತು. ಈ ಪದ ಬರೆಯುವಾಗ ಆ ಸಂಗತಿಯನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ದೇಶದಲ್ಲಿ ಹತ್ತಿ ಬಿಡಿಸುವ ಸಾಧನ ಅದಕ್ಕೂ ಬಹಳ ಹಿಂದಿನಿಂದ ಇತ್ತು: ಎರಡು ಕಟ್ಟಿಗೆಯ ರೋಲರು, ಒಂದು ಹಿಡಿ, ತಿರುವುತ್ತಾ ಹತ್ತಿ ಕೊಟ್ಟರೆ ಅರಳೆ ಆಚೆ, ಕಾಳು ಈಚೆ. ಉತ್ತರದಲ್ಲಿ ಚರ್ಖಿ ಎನ್ನುತ್ತಿದ್ದರು. ಇಂಗ್ಲಿಷಿನವರು ಅದನ್ನೇ "ಚುರ್ಕಾ" ಎಂದು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು. ಯಂತ್ರ ನಮ್ಮಲ್ಲಿ ಇತ್ತು, ಜಿನ್ ಎಂಬ ಹೆಸರು ಮಾತ್ರ ಆಮೇಲೆ ಗಿರಣಿಯ ಜೊತೆ ಬಂತು.

ಇನ್ನು ಬೀಜದ ಜೀನು. 1909ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸೆನ್ ಈ ಪದವನ್ನು ಬಳಕೆಗೆ ತಂದರು. ಅದರ ಮೂಲ ಗ್ರೀಕಿನ "ಗೆನೊಸ್", ಅಂದರೆ ಕುಲ, ಹುಟ್ಟು. ಈ ಗೆನೊಸ್, ಲ್ಯಾಟಿನ್ನಿನ ಇಂಗೇನಿಯುಮ್ ಒಳಗಿನ "ಗೆನ್", ಸಂಸ್ಕೃತದ "ಜನ್" ಧಾತು, ಮೂರೂ ಒಂದೇ ಮೂಲದವು. ಜನ, ಜನನ, ಜನಕ, ಜಾತಿ ಎಂದು ನಾವು ಆಡುತ್ತೇವಲ್ಲ, ಆ ಪದಗಳು ಜಿನ್ನಿಗೂ ಜೀನಿಗೂ ದೂರದ ದಾಯಾದಿಗಳು. ಜೀನ್ಸ್ ಈ ಮನೆಯದಲ್ಲ. ಅದನ್ನು ಬೇರೆಯಾಗಿ ಬರೆಯುತ್ತೇನೆ.

ಗಂಜ್ ಹುಡುಗ, ರಾಯಚೂರು

ಭಾಳ ಛಲೋ ಬರದ್ರಿ ಸರ್. ನಮ್ಮಲ್ಲಿ ಈಗಿರೋವು ಡಬಲ್ ರೋಲರ್ ಜಿನ್ನು. ಚರ್ಮದ ಬಿಲ್ಲೆ ಒತ್ತೊತ್ತಿ ಜೋಡಿಸಿದ ರೋಲರಿಗೆ ಒಂದು ಚಾಕು ತಾಗಿಸಿಟ್ಟಿರ್ತಾರ. ರೋಲರು ಅರಳೆ ಎಳ್ಕೊಂತದ, ಕಾಳು ಚಾಕಿನ ಅಂಚಿಗೆ ತಡೆದು ನಿಲ್ತದ, ಇನ್ನೊಂದು ಚಾಕು ಟಕ್ ಟಕ್ ಅಂತ ಅದನ್ನ ಹೊಡೆದು ಕೆಳಗ ಬೀಳಿಸ್ತದ. ಹತ್ತಿ ತೂಕದಾಗ ಹೆಚ್ಚೂಕಡಿಮಿ ಮೂರರಾಗ ಒಂದು ಪಾಲು ಅರಳೆ, ಉಳಿದದ್ದು ಬಹುತೇಕ ಕಾಳು. ಅರಳೆ ಒತ್ತಿ ಬೇಲು ಕಟ್ತಾರ, ಬೇಲಿಗೆ 170 ಕಿಲೋ. ನೀವು ಹೇಳಿದ ಚರ್ಖಿ ಕೆಲಸನೇ ಕರೆಂಟಿನ ಮ್ಯಾಲೆ ನಡೀಲಿಕ್ಕತ್ತದ ಅನ್ನಸ್ತು. ವಿಟ್ನಿ ಯಂತ್ರದಾಗೂ ಹಿಂಗೇ ರೋಲರಿತ್ತೇನ್ರಿ?

ಹಳೇ ನಿಘಂಟು, ಕೊಪ್ಪಳ

ಇಲ್ಲ. ಅದರಲ್ಲಿ ತಂತಿಯ ಹಲ್ಲುಗಳು ಅರಳೆಯನ್ನು ಸಣ್ಣ ಸೀಳುಗಳ ಮೂಲಕ ಎಳೆಯುತ್ತಿದ್ದವು, ಕಾಳು ಸೀಳಿನಲ್ಲಿ ತೂರದೆ ಈಚೆ ಉಳಿಯುತ್ತಿತ್ತು. ಅದರಿಂದ ಬೆಳೆದದ್ದು ಗರಗಸದ ಜಿನ್. ರೋಲರ್ ಜಿನ್ ನಿಧಾನ, ಆದರೆ ಎಳೆ ಕಡಿಮೆ ತುಂಡಾಗುತ್ತದೆ. ನೀವು ನೋಡುತ್ತಿರುವುದು ನಮ್ಮ ಹಳೆಯ ದಾರಿಗೆ ಹತ್ತಿರದ್ದು.

ಸಂಸ್ಕೃತ ಪ್ರೇಮಿ, ಗಂಗಾವತಿ

ಜೀನ್ಸಿಗೆ ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. "ಜೀರ್ಣ" ಎಂದರೆ ಹಳತಾಗಿ ಸವೆದದ್ದು. ಗೀತೆಯಲ್ಲಿ "ವಾಸಾಂಸಿ ಜೀರ್ಣಾನಿ" ಎಂದೇ ಇದೆ, ಸವೆದ ಬಟ್ಟೆ. ಜೀನ್ಸ್ ಕೂಡ ಮಾಸಿದ, ಸವೆದ, ಹರಿದ ರೂಪದಲ್ಲೇ ಮಾರಾಟವಾಗುತ್ತದೆ. ಜೀರ್ಣವೇ ಜೀನ್ಸ್ ಆಗಿರಬಾರದೇಕೆ?

ಹಳೇ ನಿಘಂಟು, ಕೊಪ್ಪಳ

ಗುರುಗಳೇ, ಶ್ಲೋಕ ಸರಿ, ಅರ್ಥವೂ ಸರಿ. ಆದರೆ ಪದದ ಮೂಲ ಹೇಳುವಾಗ ಎರಡು ಪದ ಒಂದೇ ಥರ ಕೇಳುತ್ತವೆ, ಅರ್ಥವೂ ಹೊಂದುತ್ತದೆ ಅಂದರೆ ಸಾಲುವುದಿಲ್ಲ. ಮೂರು ಪ್ರಶ್ನೆ ಕೇಳಬೇಕಾಗುತ್ತದೆ. ಆ ಪದ ಬರಹದಲ್ಲಿ ಮೊದಲು ಯಾವಾಗ ಕಂಡಿತು? ಆಗ ಅದರ ರೂಪ ಏನಿತ್ತು? ಅದನ್ನು ಯಾರು ಎಲ್ಲಿಂದ ಎಲ್ಲಿಗೆ ಹೊತ್ತು ತಂದರು?

ಜೀನ್ಸಿಗೆ ಈ ಮೂರಕ್ಕೂ ಉತ್ತರ ಇದೆ. 15ನೇ ಶತಮಾನದ ಇಂಗ್ಲಿಷ್ ಬರಹದಲ್ಲೇ ಇದು ಕಾಣುತ್ತದೆ. ಆಗ ಪ್ಯಾಂಟಿನ ಹೆಸರಲ್ಲ, "ಜೀನ್ ಫಸ್ಟಿಯನ್" ಎಂಬ ದಪ್ಪ ಬಟ್ಟೆಯ ಹೆಸರು. "ಜೀನ್" ಅಂದರೆ ಇಟಲಿಯ ಬಂದರು ಪಟ್ಟಣ ಜಿನೋವಾ, ಫ್ರೆಂಚಿನವರ ಬಾಯಲ್ಲಿ ಅದು "ಜೆನ್". ಜಿನೋವಾದ ವ್ಯಾಪಾರಿಗಳ ಬಟ್ಟೆ ಇಂಗ್ಲೆಂಡಿಗೆ ಹೋಗುತ್ತಿತ್ತು, ಊರ ಹೆಸರೇ ಬಟ್ಟೆಗೆ ಬಿತ್ತು. ನಾವು ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ ಅನ್ನುವುದೂ ಹೀಗೆಯೇ ಅಲ್ಲವೇ? "ಇಳಕಲ್ ಉಟ್ಟಾಳ" ಅಂದರೆ ಸೀರೆ ಎಂಬ ಮಾತು ಬೇಕಾಗಿಯೇ ಇಲ್ಲ.

ಇನ್ನೊಂದು ಕಾರಣ ನೋಡಿ. ಈ ಬಟ್ಟೆಯನ್ನು ಕೊಂಡವರು ಗಟ್ಟಿ ಅಂತ ಕೊಂಡರು, ಸವೆದದ್ದು ಅಂತ ಅಲ್ಲ. ಮಾಸಿದ್ದನ್ನು ಬೇಕಂತಲೇ ಮಾರುವುದು ತೀರಾ ಇತ್ತೀಚಿನ ರೂಢಿ. ಇತ್ತೀಚಿನ ರೂಢಿಯಿಂದ 500 ವರ್ಷ ಹಳೆಯ ಹೆಸರು ಹುಟ್ಟಲಾರದು.

ಬಳ್ಳಾರಿಯವರು ಹೇಳಿದ "ಜೀನ್ ಬಟ್ಟೆ"ಯೂ ಇದಕ್ಕೆ ಒಳ್ಳೆಯ ಸಾಕ್ಷಿ. ಹಿಂದಿ ನಿಘಂಟುಗಳಲ್ಲೂ ಜೀನ್ ಅಂದರೆ ಗಟ್ಟಿ ದಪ್ಪ ಹತ್ತಿ ಬಟ್ಟೆ ಎಂಬ ಅರ್ಥ ಇದೆ. ಮೊದಲು ಬಟ್ಟೆಯ ಹೆಸರು, ಪ್ಯಾಂಟಿನ ಹೆಸರು ಆಮೇಲೆ. ನಿಮ್ಮ ಹಳೇ ಮಾಸ್ಟರ್‌ಗಳ ಬಾಯಲ್ಲಿ ಹಳೆಯ ಅರ್ಥವೇ ಉಳಿದಿದೆ. ಕುದುರೆಯ ಬೆನ್ನಿನ "ಜೀನು" ಮಾತ್ರ ಬೇರೆ, ಅದು ಪಾರ್ಸಿ ಪದ.

ಸಂಸ್ಕೃತ ಪ್ರೇಮಿ, ಗಂಗಾವತಿ

ಹಾಗಾದರೆ ಡೆನಿಮ್? ಅಂಗಡಿಯಲ್ಲಿ ಒಮ್ಮೆ ಡೆನಿಮ್ ಎನ್ನುತ್ತಾರೆ, ಒಮ್ಮೆ ಜೀನ್ಸ್ ಎನ್ನುತ್ತಾರೆ. ಒಂದೇ ವಸ್ತುವಿಗೆ ಎರಡು ಹೆಸರೇ?

ಮಗ್ಗದ ಮನೆ, ಭಾಗ್ಯನಗರ

ಇದಕ್ಕ ನಾ ಉತ್ತರ ಕೊಡ್ತೀನ್ರಿ, ನಮ್ಮದು ನೇಕಾರರ ಮನಿ. ಡೆನಿಮ್ ಅನ್ನೋದೂ ಊರಿನ ಹೆಸರೇ. ಫ್ರಾನ್ಸಿನ ನೀಮ್ ಅನ್ನೋ ಊರಿನ ಸರ್ಜ್ ಬಟ್ಟೆಗೆ "ಸರ್ಜ್ ದ ನೀಮ್" ಅಂತಿದ್ರಂತ. "ದ ನೀಮ್" ಅಷ್ಟೇ ಉಳಿದು ಡೆನಿಮ್ ಆತು ಅಂತ ನಿಘಂಟಿನ್ಯಾಗೇ ಐತಿ.

ನೇಯ್ಗಿ ಲೆಕ್ಕದಾಗ ಎರಡೂ ಬ್ಯಾರೆ. ನೀವು ಹಾಕ್ಕೊಂಡ ಪ್ಯಾಂಟಿನ ಪಾದದ ಹತ್ರ ಮಡಿಕಿ ಒಂದೀಟು ತಿರುವಿ ನೋಡ್ರಿ. ಹೊರಗ ನೀಲಿ, ಒಳಗ ಬೆಳ್ಳಗ ಕಾಣ್ತೈತಿ. ಯಾಕಂದ್ರ ಡೆನಿಮ್‌ದಾಗ ಹಾಸು, ಅಂದ್ರ ಉದ್ದದ ಎಳಿ, ನೀಲಿ; ಹೊಕ್ಕು, ಅಂದ್ರ ಅಡ್ಡದ ಎಳಿ, ಬಿಳಿ. ಹೊಕ್ಕಿನ ಎಳಿ ಎರಡು ಮೂರು ಹಾಸಿನ ಕೆಳಗ ನುಸುಳಿ ಒಂದರ ಮ್ಯಾಲೆ ಬರ್ತೈತಿ, ಮುಂದಿನ ಸಾಲಿನ್ಯಾಗ ಒಂದು ಎಳಿ ಸರಿದು ಅದೇ ಲೆಕ್ಕ. ಹಂಗ ಸರೀತಾ ಹೋಗೋದ್ರಿಂದ ಬಟ್ಟಿ ಮ್ಯಾಲೆ ಓರೆ ಗೆರಿ ಬೀಳ್ತೈತಿ, ಬೆರಳಾಡಿಸಿದ್ರ ಗೊತ್ತಾಗ್ತೈತಿ. ಹಾಸು ಮ್ಯಾಲೆ ಹೆಚ್ಚು ಕಾಣೋದ್ರಿಂದ ಹೊರಗ ನೀಲಿ. ಹಳೇ ಜೀನ್ ಬಟ್ಟಿಯೂ ಓರೆ ನೇಯ್ಗಿದೇ, ಆದ್ರ ಅದರಾಗ ಹಾಸು ಹೊಕ್ಕು ಎರಡಕ್ಕೂ ಒಂದೇ ಬಣ್ಣ.

ಅಂದ್ರ ಇವತ್ತು ನಾವು ಜೀನ್ಸ್ ಅಂತ ತೊಡೋದು ಖರೇ ನೋಡಿದ್ರ ಡೆನಿಮ್ ಬಟ್ಟಿ. ಬಟ್ಟಿ ನೀಮ್ ಊರಿಂದು, ಹೆಸರು ಜಿನೋವಾದ್ದು.

ಹಳೇ ನಿಘಂಟು, ಕೊಪ್ಪಳ

ಭಾಗ್ಯನಗರದವರು ಹೇಳಿದ್ದು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಅರ್ಥವಾಯಿತು. ಇದಕ್ಕೆ ನಮ್ಮ ದೇಶದ ಊರೂ ಒಂದಿದೆ. ಒರಟು ಬಟ್ಟೆಯ ಕೆಲಸದ ಉಡುಪಿಗೆ ಹೇಳುವ "ಡಂಗರೀಸ್" ಎಂಬ ಇಂಗ್ಲಿಷ್ ಪದ ಹಿಂದಿಯ "ಡುಂಗ್ರಿ"ಯಿಂದ ಹೋದದ್ದು, ಈಗ ಮುಂಬಯಿಯೊಳಗೆ ಸೇರಿರುವ ಡೋಂಗ್ರಿ. ಅಲ್ಲಿನ ಒರಟು ಹತ್ತಿ ಬಟ್ಟೆಯ ಹೆಸರು 17ನೇ ಶತಮಾನದ ಆರಂಭದಲ್ಲೇ ಯುರೋಪಿನವರ ದಾಖಲೆಗಳಲ್ಲಿ ಬರುತ್ತದೆ. ಕಲ್ಲಿಕೋಟೆಯಿಂದ "ಕ್ಯಾಲಿಕೋ" ಎಂಬ ಹತ್ತಿ ಬಟ್ಟೆಯ ಹೆಸರು ಆದದ್ದೂ ಹಾಗೆಯೇ.

ಕೌಲ್ ಬಜಾರ್ ಹೊಲಿಗೆ, ಬಳ್ಳಾರಿ

ಹಾಗಾದ್ರೆ ಬಟ್ಟೆ ಹೆಸರು ಪ್ಯಾಂಟಿಗೆ ಹೆಂಗ್ ಬಂತು? ಜೇಬಿನ ಮೂಲೆಗೆ ರಿವಿಟ್, ಅಂದ್ರೆ ಲೋಹದ ಗುಂಡು ಮೊಳೆ, ಹಾಕೋದು ಯಾರು ಶುರು ಮಾಡಿದ್ದು? ನಮ್ಮ ಹುಡುಗರು ಕೇಳ್ತಾರೆ, ಹೇಳೋಕೆ ಬರಲ್ಲ.

ಹಳೇ ನಿಘಂಟು, ಕೊಪ್ಪಳ

ರಿವಿಟ್ ಹಾಕಿದವರು ನಿಮ್ಮ ಕಸುಬಿನವರೇ. ಜೇಕಬ್ ಡೇವಿಸ್, ಅಮೆರಿಕದ ನೆವಾಡಾ ರಾಜ್ಯದ ರಿನೋ ಊರಿನ ಟೈಲರ್. ಕುದುರೆಯ ಹೊದಿಕೆಗೆ ತಾಮ್ರದ ರಿವಿಟ್ ಹೊಡೆಯುತ್ತಿದ್ದವರು, ಕೂಲಿಯವರ ಪ್ಯಾಂಟಿನ ಜೇಬಿನ ಮೂಲೆ ಹರಿಯದಿರಲಿ ಅಂತ ಅಲ್ಲಿಗೂ ಹೊಡೆದರು. ಪೇಟೆಂಟಿಗೆ ಕೈಯಲ್ಲಿ ದುಡ್ಡಿಲ್ಲದೆ, ತಮಗೆ ಬಟ್ಟೆ ಕೊಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೆವಿ ಸ್ಟ್ರಾಸ್ ಅವರನ್ನು ಜೊತೆಗೆ ಕರೆದರು. 1873ರ ಮೇ 20ಕ್ಕೆ ಇಬ್ಬರ ಹೆಸರಲ್ಲಿ ಪೇಟೆಂಟ್ ಬಂತು. ಲೋಕಕ್ಕೆ ಗೊತ್ತಾದದ್ದು ವ್ಯಾಪಾರಿಯ ಹೆಸರು. ಟೈಲರ್ ಹೆಸರನ್ನು ನಿಮ್ಮ ಹುಡುಗರಿಗೆ ದಯವಿಟ್ಟು ಹೇಳಿ.

ಆಗ ಆ ಪ್ಯಾಂಟನ್ನು ಅವರು ಮಾರುತ್ತಿದ್ದ ಹೆಸರು "ಓವರಾಲ್ಸ್". ಜೀನ್ ಬಟ್ಟೆಯಲ್ಲಿ ಹೊಲಿದ ಕೆಲಸದ ಪ್ಯಾಂಟಿಗೆ ಜನ 19ನೇ ಶತಮಾನದಲ್ಲೇ ಜೀನ್ಸ್ ಎನ್ನುತ್ತಿದ್ದರು. 1950ರ ದಶಕದ ಹುಡುಗ ಹುಡುಗಿಯರು ಡೆನಿಮ್ ಪ್ಯಾಂಟಿಗೂ ಜೀನ್ಸ್ ಎಂದೇ ಅಂದರು, 1960ರ ಹೊತ್ತಿಗೆ ಕಂಪನಿಯೂ ಅದನ್ನೇ ಒಪ್ಪಿತು. ಹೆಸರು ಗಟ್ಟಿ ಮಾಡಿದ್ದು ತೊಟ್ಟವರು.

ಕೌಲ್ ಬಜಾರ್ ಹೊಲಿಗೆ, ಬಳ್ಳಾರಿ

ಓದಿ ತುಂಬಾ ಸಂತೋಷ ಆಯ್ತು ಸರ್. ನಮ್ಮೂರಲ್ಲೂ ಹಂಗೇ. ಹಿಂದೆ ಮಿಲಿಟರಿ ಯೂನಿಫಾರ್ಮ್, ಆಮೇಲೆ ಸ್ಕೂಲ್ ಯೂನಿಫಾರ್ಮ್ ಹೊಲಿದ ಮನೆತನಗಳ ಕೈಯೇ ಜೀನ್ಸಿಗೆ ತಿರುಗಿದ್ದು. ಬಟ್ಟೆ ಅಹಮದಾಬಾದ್ ಕಡೆಯಿಂದ ಬರುತ್ತೆ, ಕಟಿಂಗ್ ಒಂದು ಕಡೆ, ಹೊಲಿಗೆ ಜಾಬ್ ವರ್ಕ್ ಇನ್ನೊಂದು ಕಡೆ, ಕಾಜಾ ಬಟನ್ ಮತ್ತೊಂದು ಕಡೆ, ದಾರ ಕತ್ತರಿಸೋ ಕೆಲಸ ಮನೆಮನೆಯಲ್ಲಿ ಹೆಣ್ಮಕ್ಕಳು ಮಾಡ್ತಾರೆ. ಒಂದು ಪ್ಯಾಂಟಿನ ಮೇಲೆ ಎಷ್ಟು ಕೈ ಓಡಾಡಿರ್ತವೆ ಅಂತ ತೊಡೋರಿಗೆ ಗೊತ್ತಾಗಲ್ಲ.

ಹೊಲಿದ ಹೊಸ ಪ್ಯಾಂಟು ಹಲಗೆ ಥರ ನಿಲ್ಲುತ್ತೆ. ಅದನ್ನ ವಾಷಿಂಗಿಗೆ ಹಾಕ್ತಾರೆ. ಪ್ಯೂಮಿಸ್ ಕಲ್ಲು ಹಾಕಿದ್ರೆ ಸ್ಟೋನ್ ವಾಷ್, ಈಗ ಎನ್ಜೈಮಲ್ಲೂ ಮಾಡ್ತಾರೆ. ಬೇರೆ ಬಣ್ಣದ ಬಟ್ಟೆ ಹಂಗೆ ಮಾಸಲ್ಲ, ಇದು ಮಾತ್ರ ಹೊಲಿಗೆ ಮೇಲೆ, ಮಂಡಿ ಮೇಲೆ ಬೆಳ್ಳಗಾಗುತ್ತೆ. ಯಾಕೆ ಅಂತ ಗೊತ್ತಿದ್ದೋರು ಹೇಳಿ.

ಎಂಎಸ್ಸಿ ಕೆಮಿಸ್ಟ್ರಿ, ಸಿಂಧನೂರು

ನಾನು ಹೇಳ್ತೀನಿ. ಇಂಡಿಗೊ ಬಣ್ಣ ನೂಲಿನ ಒಳಗಿನ ತನಕ ಇಳಿಯುವುದಿಲ್ಲ, ಮೇಲ್ಮೈ ಸುತ್ತ ಮಾತ್ರ ಕೂರುತ್ತದೆ. ನೂಲನ್ನು ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ನೀಲಿ ಬಳೆ, ನಡುವೆ ಬಿಳಿ. ಉಜ್ಜಿದ ಕಡೆ ಬಳೆ ಸವೆದು ಒಳಗಿನ ಬಿಳಿ ಹೊರಗೆ ಬರುತ್ತದೆ. ತೊಳೆದ ನೀರಿನಲ್ಲಿ ಹೋಗುವುದೂ ಇದೇ ಬಣ್ಣ, ಆ ನೀರನ್ನು ಶುದ್ಧ ಮಾಡದೆ ಬಿಟ್ಟರೆ ಹಳ್ಳಕ್ಕೆ, ಬಾವಿಗೆ ತೊಂದರೆ. ಬಳ್ಳಾರಿಯ ಜೀನ್ಸ್ ಉಳಿಯಬೇಕಾದರೆ ವಾಷಿಂಗ್ ನೀರಿನ ವ್ಯವಸ್ಥೆ ಆಗಲೇಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಪದದ ಚರ್ಚೆ ಆದ್ದರಿಂದ ಇದನ್ನೂ ಸೇರಿಸುತ್ತೇನೆ. ಇಂಡಿಗೊ ಎಂಬುದು ಗ್ರೀಕಿನ "ಇಂಡಿಕೊನ್", ಅಂದರೆ ಇಂಡಿಯಾದ್ದು. ನಮ್ಮ "ನೀಲ" ಅರಬ್ಬಿಯಲ್ಲಿ "ಅನ್ನೀಲ್" ಆಗಿ, ಪೋರ್ಚುಗೀಸಿನಲ್ಲಿ "ಅನಿಲ್" ಆಗಿ, ಕೊನೆಗೆ ಕೆಮಿಸ್ಟ್ರಿಯ "ಅನಿಲೀನ್" ಆಯಿತು. ಜರ್ಮನಿಯ ಬಿಎಎಸ್‌ಎಫ್ 1897ರಲ್ಲಿ ಕೃತಕ ಇಂಡಿಗೊ ಮಾರಾಟಕ್ಕೆ ತಂದ ಮೇಲೆ ನೀಲಿ ಗಿಡದ ಬೆಳೆ ಕುಸಿಯಿತು. ಈಗಿನ ಜೀನ್ಸಿನ ನೀಲಿ ಬಹುಪಾಲು ಕಾರ್ಖಾನೆಯದ್ದೇ.

ಕನ್ನಡವೇ ಸಾಕು, ಕುಷ್ಟಗಿ

ಇಷ್ಟೆಲ್ಲ ಪರದೇಶದ ಊರುಗಳ ಹೆಸರು ಹೊತ್ತುಕೊಂಡು ತಿರುಗುವುದೇಕೆ? ನಮ್ಮಲ್ಲಿ ಚಲ್ಲಣ ಎಂಬ ಪದ ಇತ್ತು. "ನೀಲಿ ಚಲ್ಲಣ" ಅನ್ನಬಹುದಲ್ಲ? ಪ್ಯಾಂಟು, ಜೀನ್ಸು ಎರಡನ್ನೂ ಬಿಡಬೇಕು ಎನ್ನುತ್ತೇನೆ.

ಕನ್ನಡ ಮೇಡಂ, ಕೊಪ್ಪಳ

ನಿಮ್ಮ ಕಾಳಜಿಗೆ ಗೌರವ ಇದೆ ಅಣ್ಣಾರೆ. ಆದರೆ ಚಲ್ಲಣದ ಉಡುಪೇ ಬೇರೆ, ಗಿಡ್ಡದ್ದು, ಅದನ್ನು ಇದಕ್ಕೆ ಹಚ್ಚಿದರೆ ಒಂದು ಒಳ್ಳೆಯ ಹಳೆಯ ಪದದ ಅರ್ಥ ಕೆಡುತ್ತದೆ. ನಮ್ಮ ಭಾಗದ ಹಿರಿಯರು ಹೇಳುವ "ಇಜಾರ" ಅರಬ್ಬಿ ಮೂಲದ್ದು. ಪೈಜಾಮ ಪಾರ್ಸಿ. ಟೈಲರ್ ಅಣ್ಣ ಬರೆದ ಕಾಜಾ ಪೋರ್ಚುಗೀಸಿನ "ಕಾಜ಼" ಎಂಬ ಪದ, ಗುಂಡಿಯ ಮನೆ ಅಂತ. ಯಾವುದನ್ನು ಬಿಡೋಣ ಹೇಳಿ? ಪ್ಯಾಂಟು ಕೂಡ ವೆನಿಸ್ ನಗರದ ನಾಟಕಗಳ ಒಬ್ಬ ಮುದುಕನ ಪಾತ್ರದ ಹೆಸರು, ಪಂಟಲೋನೆ. ಅವನು ತೊಡುತ್ತಿದ್ದ ಉಡುಪಿನಿಂದ ಪ್ಯಾಂಟಲೂನ್, ಅದರ ತುಂಡು ಪ್ಯಾಂಟ್. ವೆನಿಸ್, ಜಿನೋವಾ ಎರಡೂ ಸಮುದ್ರ ವ್ಯಾಪಾರಕ್ಕಾಗಿ ಶತಮಾನಗಟ್ಟಲೆ ಕಾದಾಡಿದ ನಗರಗಳು. ಬಳ್ಳಾರಿ ಅಂಗಡಿಯ ಬೋರ್ಡಿನಲ್ಲಿ "ಜೀನ್ಸ್ ಪ್ಯಾಂಟ್" ಎಂದು ಎರಡೂ ಪಕ್ಕಪಕ್ಕ ಕೂತಿವೆ.

ಕನ್ನಡ ಈ ಪದಗಳನ್ನು ತನ್ನ ಹದಕ್ಕೆ ತಂದುಕೊಂಡಿದೆ. ಕೊನೆಗೆ ಉಕಾರ ಹಚ್ಚಿ ಜೀನ್ಸು ಮಾಡಿತು, ಜೀನ್ಸಿಗೆ, ಜೀನ್ಸಿನ ಅಂತ ವಿಭಕ್ತಿ ಹಚ್ಚಿತು. ಇಂಗ್ಲಿಷಿನ ಬಹುವಚನದ "ಸ್" ಇದ್ದರೂ ಏಕವಚನವಾಗಿಯೇ ಬಳಸುತ್ತದೆ. ಚಿಪ್ಸು, ಸಾಕ್ಸು, ಜೀನ್ಸು. "ನನ್ನ ಜೀನ್ಸು ಹರಿದದ" ಎನ್ನುವುದು ಅಪ್ಪಟ ಕನ್ನಡ ವಾಕ್ಯ. ಅದನ್ನು ತಿದ್ದುವ ಅಗತ್ಯ ನನಗೆ ಕಾಣುವುದಿಲ್ಲ.

ಡಿಗ್ರಿ ಓದು, ಸಿರುಗುಪ್ಪ

ಮೇಡಂ, ಹಾಗಾದರೆ ಇಂಗ್ಲಿಷಿನಲ್ಲಿ ಬರೆಯುವಾಗ ಏಕವಚನವೋ ಬಹುವಚನವೋ? ಪರೀಕ್ಷೆಯಲ್ಲಿ ಒಮ್ಮೆ ಅಂಕ ಹೋಗಿದೆ.

ಕನ್ನಡ ಮೇಡಂ, ಕೊಪ್ಪಳ

ಇಂಗ್ಲಿಷಿನಲ್ಲಿ ಯಾವಾಗಲೂ ಬಹುವಚನ ಮಗಾ. ಕತ್ತರಿ, ಕನ್ನಡಕ, ಇಕ್ಕಳ, ಪ್ಯಾಂಟು, ಎರಡು ಭಾಗ ಜೋಡಿಯಾಗಿರುವ ಇಂಥವುಗಳಿಗೆ ಅವರಲ್ಲಿ ಬಹುವಚನವೇ ರೂಢಿ. ಒಂದೇ ಪ್ಯಾಂಟಾದರೂ "ದೀಸ್ ಜೀನ್ಸ್ ಆರ್" ಎನ್ನಬೇಕು, "ದಿಸ್ ಜೀನ್ಸ್ ಈಸ್" ತಪ್ಪು. ಒಂದು ಎಂದು ಎಣಿಸಿ ಹೇಳಬೇಕಾದರೆ "ಎ ಪೇರ್ ಆಫ್ ಜೀನ್ಸ್". ಬಟ್ಟೆಯ ಅರ್ಥದಲ್ಲಾದರೆ ಮಾತ್ರ "ಜೀನ್" ಅಂತ ಒಂಟಿಯಾಗಿ ಬರುತ್ತದೆ, "ಜೀನ್ ಜಾಕೆಟ್" ಅಂದಹಾಗೆ.

ಕೌಲ್ ಬಜಾರ್ ಹೊಲಿಗೆ, ಬಳ್ಳಾರಿ

ಇದು ನಮಗೂ ಬೇಕಾದ ಮಾತು ಅಕ್ಕಾ. ಹೊರಗಿನ ಪಾರ್ಟಿ ಆರ್ಡರಲ್ಲಿ "500 ಪೇರ್" ಅಂತ ಬರೆದಿದ್ರೆ ಅದು 500 ಪ್ಯಾಂಟು, 1000 ಅಲ್ಲ. ಹೊಸದಾಗಿ ಜಾಬ್ ವರ್ಕ್ ಹಿಡಿಯೋ ಹುಡುಗರು ಬಟ್ಟೆ ಕಟಿಂಗಿಗೆ ಹಾಕೋಕ್ಕಿಂತ ಮುಂಚೆ ಇದನ್ನ ಒಮ್ಮೆ ಕೇಳಿ ಖಾತ್ರಿ ಮಾಡ್ಕೊಳ್ಳಿ.